ನಾಲ್ಕನೇ ಸಾಲು

ನನ್ನ ದೆಸೆಯಿಂದ ಅಮ್ಮ ದ್ವಾದಶಿ ದಿನ ಉಪವಾಸ ಮಾಡಿದಳು. ಹಿಂದಿನ ದಿನ, ಅಂದರೆ ಏಕಾದಶಿಯಂದು, ಗಡದ್ದಾಗಿ ಬಿಸಿಬೇಳೆಬಾತ್ ಉಂಡಿದ್ದಳು. ಗೋಡೆಯ ಕ್ಯಾಲೆಂಡರ್ ನೋಡಿ "ಏಕಾದಶಿ ಗುರುವಾರ" ಅಂದವನು ನಾನು. ಅದು ಬುಧವಾರವೇ ಆಗಿಹೋಗಿತ್ತು.

ತಪ್ಪು ಕ್ಯಾಲೆಂಡರಿನವರದು. ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ತಿಥಿ, ನಕ್ಷತ್ರ, ರಾಹುಕಾಲ, ಯಾರದೋ ಆರಾಧನೆ, ಎಲ್ಲವನ್ನೂ ತುರುಕಿದರೆ ಇರುವೆ ಸಾಲು ಕಾಣುತ್ತದೆಯೇ ಹೊರತು ಏಕಾದಶಿಯಲ್ಲ. ಅಮ್ಮ ಒಪ್ಪಲಿಲ್ಲ. "ನಿನಗೆ ಚಾಳೀಸು ಬಂದಿದೆ ಕಣೋ, ಹೋಗಿ ಕಣ್ಣು ತೋರಿಸ್ಕೊಂಡು ಬಾ" ಅಂದಳು. ಚಾಳೀಸು ಅಂದರೆ ವಯಸ್ಸಾಗುತ್ತಾ ಹತ್ತಿರದ ಅಕ್ಷರ ಮಸುಕಾಗುವ ತೊಂದರೆ. ಆ ಪದಕ್ಕೆ ಹಿಂದಿ, ಮರಾಠಿಯಲ್ಲಿ ನಲವತ್ತು ಎಂದರ್ಥ. ವಯಸ್ಸನ್ನು ಹೀಗೆ ಹೆಸರಲ್ಲೇ ಸಾರುವ ತೊಂದರೆ ಇನ್ನೊಂದಿಲ್ಲ. ನನಗೆ 46.

ಆಸ್ಪತ್ರೆಯಲ್ಲಿ ಪರೀಕ್ಷೆಯ ಕೋಣೆಯ ಬಾಗಿಲು ತೆರೆದೇ ಇತ್ತು. ನನಗಿಂತ ಮುಂದಿದ್ದ ಐದು ಜನ ಒಬ್ಬರಾದ ಮೇಲೊಬ್ಬರು ಬೋರ್ಡಿನ ಅಕ್ಷರಗಳನ್ನು ಕೂಗಿ ಹೇಳಿದರು. ಪರೀಕ್ಷೆ ಅಂದ ಕೂಡಲೇ ನನ್ನೊಳಗಿನ ಕೊನೇ ಬೆಂಚಿನ ಹುಡುಗ ಎದ್ದು ಕೂತ. ನನ್ನ ಸರದಿ ಬರುವಷ್ಟರಲ್ಲಿ ನಾಲ್ಕನೇ ಸಾಲು ಬಾಯಿಪಾಠವಾಗಿತ್ತು. ಹೋಗಿ ಕೂತೆ. "ಓದಿ ಸರ್" ಅಂದಿದ್ದೇ ತಡ, ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದೆ. ಪರೀಕ್ಷೆ ಮಾಡುವ ಹುಡುಗಿ ಕತ್ತು ತಿರುಗಿಸಿ ನೋಡಿದಳು. "ಸರ್, ನಾನಿನ್ನೂ ಲೈಟೇ ಹಾಕಿಲ್ಲ."

ತಮಾಷೆಯೆಂದರೆ ನನಗೆ ದೂರದ್ದು ಸರಿಯಾಗೇ ಕಾಣುತ್ತದೆ. ಕಾಪಿ ಹೊಡೆಯುವ ಅಗತ್ಯವೇ ಇರಲಿಲ್ಲ. ಫೇಲಾಗಿದ್ದು ಕೈಗೆ ಕೊಟ್ಟ ಸಣ್ಣ ಕಾರ್ಡಿನಲ್ಲಿ.

ಆಮೇಲೆ ಮೂಗಿನ ಮೇಲೆ ಭಾರದ ಚೌಕಟ್ಟು. ಗಾಜು ಬದಲಿಸುತ್ತಾ "ಇದು ಚೆನ್ನಾಗಿದೆಯಾ, ಇದಾ?" ಎರಡೂ ಒಂದೇ ಥರ ಇದ್ದವು. ಹಾಗಂದರೆ ಅವಳಿಗೆ ಬೇಜಾರಾದೀತೆಂದು ಸುಮ್ನೆ ಒಮ್ಮೆ ಇದು, ಒಮ್ಮೆ ಅದು ಅನ್ನುತ್ತಾ ಹೋದೆ. ನನ್ನ ಕನ್ನಡಕದ ನಂಬರಿನಲ್ಲಿ ಅರ್ಧಪಾಲು ದಾಕ್ಷಿಣ್ಯವಿದೆ.

ಕಣ್ಣಿಗೆ ಹನಿ ಹಾಕಿ ಒಂದು ಗಂಟೆ ಕೂರಿಸಿದರು. ಪಕ್ಕದಲ್ಲಿದ್ದವರು "ನನಗೆ ಐವತ್ತೆಂಟು, ಕನ್ನಡಕ ಇಲ್ಲದೇ ಪೇಪರ್ ಓದ್ತೀನಿ" ಅಂದರು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇವರಲ್ಲಿ ಜಾಸ್ತಿ ಜನಕ್ಕೆ ಮೊದಲಿಂದಲೂ ದೂರದ್ದು ಕಾಣುವುದಿಲ್ಲ. ಬಸ್ಸಿನ ಬೋರ್ಡು ಪಕ್ಕದವರ ಹತ್ತಿರ ಓದಿಸಿಕೊಂಡು, ಪೇಪರ್ ಓದುವ ಹೆಚ್ಚುಗಾರಿಕೆ ಮಾತ್ರ ಊರಿಗೆಲ್ಲ ಹೇಳುತ್ತಾರೆ.

ಡಾಕ್ಟರಿಗೆ ನನ್ನ ಚಾಳೀಸಿನಲ್ಲಿ ಒಂದಿಷ್ಟೂ ಆಸಕ್ತಿ ಇರಲಿಲ್ಲ. "ಅದಕ್ಕೆ ಕನ್ನಡಕ ಸಾಕು ಬಿಡಿ" ಅಂದರು. ಅವರು ನೋಡಿದ್ದು ಕಣ್ಣಿನ ಒತ್ತಡ, ಹಿಂದಿನ ನರ, ರೆಟಿನಾ. ಗ್ಲಾಕೋಮಾ ಅನ್ನುವ ಕಣ್ಣಿನ ನರದ ಕಾಯಿಲೆ ಸಾಮಾನ್ಯವಾಗಿ ನೋವು ಕೊಡುವುದಿಲ್ಲವಂತೆ. ಅಂಚಿನಿಂದ ನೋಟವನ್ನು ಮೆಲ್ಲಗೆ ತಿಂದುಕೊಂಡು ಬರುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. "ಮನೇಲಿ ಯಾರಿಗಾದ್ರೂ ಇತ್ತಾ? ಶುಗರ್ ಇದೆಯಾ? ಇದ್ರೆ ವರ್ಷಾ ವರ್ಷಾ ಬರಬೇಕು." ಎರಡೂ ಇಲ್ಲ ಅಂದೆ. ಹಾಗಾದರೆ ಎರಡು ವರ್ಷಕ್ಕೆ ಬನ್ನಿ ಅಂದರು. ಅಷ್ಟರಲ್ಲಿ ಬೋರ್ಡು ಬದಲಾಯಿಸಿರುತ್ತಾರೋ ಏನೋ.

ಈಗ ಪ್ಲಸ್ ಒಂದೂವರೆಯ ಕನ್ನಡಕ ಬಂದಿದೆ. ರಾಹುಕಾಲ ಎಷ್ಟಕ್ಕೆ ಮುಗಿಯುತ್ತದೆ ಅನ್ನುವುದೂ ಕಾಣುತ್ತದೆ. ಮೊನ್ನೆ ಅಮ್ಮ ಮುಂದಿನ ಏಕಾದಶಿ ಯಾವತ್ತು ಅಂತ ಕೇಳುತ್ತಿದ್ದಳು. ಕನ್ನಡಕ ಏರಿಸಿಕೊಂಡು ಎದ್ದೆ. ಅವಳು ಕೇಳಿದ್ದು ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗನನ್ನು.