ಉಪ್ಪಾಗೆ ಕ್ಯಾಪ್ಸೂಲು

ಡಾಕ್ಟರ ಚೀಟಿ ಇಲ್ಲದೆ ಸಿಗುವ ತೂಕ ಇಳಿಸುವ ಮಾತ್ರೆ ತಗೊಳ್ಳಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ ಚಿಕ್ಕದು: ಬೇಡ. ದುಡ್ಡು ದಂಡ, ಗ್ರಹಚಾರ ಕೆಟ್ಟರೆ ಲಿವರ್ರೂ ದಂಡ. ಈ ಉತ್ತರದಿಂದ ಯಾರಿಗೂ ಸಮಾಧಾನ ಆಗುವುದಿಲ್ಲ ಅಂತ ಗೊತ್ತು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ತಾಳ್ಮೆ ಇಲ್ಲದವರು ಇಲ್ಲಿಗೇ ಬಿಟ್ಟು ಹೋಗಬಹುದು, ಬೇಜಾರಿಲ್ಲ.

ಮೊನ್ನೆ ಚಿಕ್ಕಮ್ಮನ ಮಗಳು ವಾಟ್ಸಾಪಿನಲ್ಲಿ ಒಂದು ಡಬ್ಬಿಯ ಫೋಟೋ ಕಳಿಸಿದಳು. ಮೇಲೆ ಹಳದಿ ಹಣ್ಣಿನ ಚಿತ್ರ, ಕೆಳಗೆ ‘ಗಾರ್ಸೀನಿಯಾ ಕಾಂಬೋಜಿಯಾ’ ಅಂತ ದಪ್ಪಕ್ಷರ. ಜತೆಗೊಂದು ಪ್ರಶ್ನೆ: “ಅಕ್ಕಾ, ಇದು ನಮ್ಮನೆ ಉಪ್ಪಾಗೆನೇ ಅಲ್ದಾ? ತಗಂಡ್ರೆ ಎಂತ ಆಗ್ತು?” ದೀಪಾವಳಿ ಕಳೆದ ಮೇಲೆ ಅವಳ ಮದುವೆ. ನಾನು ಡಾಕ್ಟರಲ್ಲ. ಫಾರ್ಮಸಿ ಓದಿ ಔಷಧಿ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮನೆಯಲ್ಲಿ ಮಾತ್ರೆಯ ವಿಷಯ ಬಂದರೆ ಎಲ್ಲರೂ ನನ್ನ ಕಡೆಗೇ ತಿರುಗುತ್ತಾರೆ.

ಹೌದು, ಅದು ನಮ್ಮ ಉಪ್ಪಾಗೆಯೇ. ಶಿರಸಿ, ಸಿದ್ದಾಪುರ ಕಡೆಯವರಿಗೆ ಹೇಳಬೇಕಾದ್ದಿಲ್ಲ, ಉಳಿದವರಿಗಾಗಿ ಸ್ವಲ್ಪ ಹೇಳುತ್ತೇನೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ ಮರ. ಹಣ್ಣು ಬರುವುದು ಜಡಿಮಳೆಯ ಕಾಲದಲ್ಲಿ, ಸೂರ್ಯ ಮುಖ ತೋರಿಸದ ಹೊತ್ತಿನಲ್ಲಿ. ಹಾಗಾಗಿ ಸಿಪ್ಪೆಯನ್ನು ಬಿಸಿಲಿಗೆ ಹಾಕುವ ಮಾತೇ ಇಲ್ಲ, ಒಲೆಯ ಮೇಲೆ ಅಟ್ಟ ಕಟ್ಟಿ ಹೊಗೆ ಹಾಕಿ ಒಣಗಿಸಬೇಕು. ಕಪ್ಪಗೆ, ಚರ್ಮದ ಹಾಗೆ ಆಗುತ್ತದೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನವರು ಇದೇ ಹಣ್ಣಿನ ರಸ ಬತ್ತಿಸಿ ಕಾಚಂಪುಳಿ ಮಾಡುತ್ತಾರೆ. ಅದಿಲ್ಲದೆ ಪಂದಿಕರಿ ಇಲ್ಲ. ಕೇರಳದಲ್ಲಿ ಇದೇ ಕುಡಂಪುಳಿ, ಮೀನು ಸಾರಿಗೆ. ಅಂದರೆ ಹಂದಿಮಾಂಸಕ್ಕೂ ಮೀನಿಗೂ ತಲೆಮಾರುಗಳಿಂದ ಹುಳಿ ಕೊಟ್ಟ ಹಣ್ಣು ಈಗ ಊಟ ಬಿಡಿಸುವ ಕ್ಯಾಪ್ಸೂಲಾಗಿ ಬಂದಿದೆ. (ಕೆಂಪು ಮುರುಗಲು ಬೇರೆ. ಇದರ ಅಣ್ಣತಮ್ಮ ಅನ್ನಿ.)

ಈ ಕ್ಯಾಪ್ಸೂಲಿನ ಕಥೆ ಶುರುವಾಗುವುದೂ ನಮ್ಮಲ್ಲೇ. 1965ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಉಪ್ಪಾಗೆಯ ಹುಳಿ ಎಂಥದ್ದು ಅಂತ ಹುಡುಕಿ ತೆಗೆದರು: ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಚಿಕ್ಕದಾಗಿ ಎಚ್‌ಸಿಎ. ಅವರು ನೋಡುತ್ತಿದ್ದದ್ದು ಹಣ್ಣಿನ ಹುಳಿಯನ್ನು, ಯಾರ ಹೊಟ್ಟೆಯ ಬೊಜ್ಜನ್ನೂ ಅಲ್ಲ. ನಾಲ್ಕು ವರ್ಷದ ಮೇಲೆ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದವರು ಇನ್ನೊಂದು ಸಂಗತಿ ಕಂಡರು. ದೇಹ ಸಕ್ಕರೆಯನ್ನು ಕೊಬ್ಬಾಗಿ ಬದಲಿಸುವ ದಾರಿಯಲ್ಲಿ ಒಂದು ಕಿಣ್ವ ಇದೆ, ಈ ಆಮ್ಲ ಅದನ್ನು ತಡೆಯುತ್ತದೆ. ಆಮೇಲೆ ಇಲಿಗಳ ಮೇಲೆ ಪ್ರಯೋಗಗಳಾದವು. ಇಲಿಗಳು ಕಡಿಮೆ ತಿಂದವು, ಕೊಬ್ಬು ಕಡಿಮೆಯಾಯಿತು.

ಇಲ್ಲಿಗೆ ನಿಲ್ಲಿಸಿದರೆ ಯಾರಿಗಾದರೂ ಆಸೆ ಹುಟ್ಟಬೇಕಾದ್ದೇ. ಆದರೆ ಇಲಿ ಸಕ್ಕರೆಯಿಂದ ಧಾರಾಳವಾಗಿ ಕೊಬ್ಬು ಮಾಡಿಕೊಳ್ಳುತ್ತದೆ, ನಾವು ಅಷ್ಟಾಗಿ ಮಾಡಿಕೊಳ್ಳುವುದಿಲ್ಲ. ನಮ್ಮ ಮೈಯಲ್ಲಿ ಕೂರುವ ಕೊಬ್ಬಿನ ಬಹುಪಾಲು ನಾವು ತಿಂದ ಎಣ್ಣೆ, ತುಪ್ಪ, ಬೆಣ್ಣೆಯದ್ದೇ. ಹೆಚ್ಚಿಗೆ ತಿಂದ ಅನ್ನ ಉರುವಲಾಗಿ ಉರಿಯುತ್ತದೆ, ಅದು ಉರಿಯುವ ಹೊತ್ತಿಗೆ ಎಣ್ಣೆ ಉರಿಯದೆ ಉಳಿಯುತ್ತದೆ. ಇಲಿಯ ದಾರಿಗೆ ಬೇಲಿ ಹಾಕಿದರೆ ನಮಗೇನು?

ಏನೂ ಇಲ್ಲ ಅಂತ ತೋರಿಸಿದ ಪ್ರಯೋಗವೂ ಇದೆ. ಕಣ್ಣಿಗೆ ಕಟ್ಟುವ ಹಾಗಿರುವುದರಿಂದ ಅದನ್ನು ಪೂರ್ತಿ ಹೇಳುತ್ತೇನೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದದ್ದು. 135 ಜನ ದಪ್ಪಗಿದ್ದವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ ಬರುವಷ್ಟು ಗಾರ್ಸೀನಿಯಾ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ ಕೊಟ್ಟರು. ಯಾರಿಗೆ ಯಾವುದು ಅಂತ ತಿನ್ನುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಎರಡೂ ಗುಂಪಿಗೆ ಒಂದೇ ಪಥ್ಯ: ನಾರು ಹೆಚ್ಚು, ಕ್ಯಾಲೊರಿ ಕಡಿಮೆ. ಹನ್ನೆರಡು ವಾರ ಕಳೆಯಿತು. ಗಾರ್ಸೀನಿಯಾ ತಿಂದವರು ಸರಾಸರಿ 3.2 ಕಿಲೋ ಇಳಿದರು. ಖಾಲಿ ಮಾತ್ರೆ ತಿಂದವರು 4.1 ಕಿಲೋ! ಆ ವ್ಯತ್ಯಾಸಕ್ಕೆ ಲೆಕ್ಕದ ಪ್ರಕಾರ ಅರ್ಥವಿಲ್ಲ, ಖಾಲಿ ಮಾತ್ರೆಯೇ ಮೇಲು ಅಂತ ಯಾರೂ ಕುಣಿಯಬೇಕಾಗಿಲ್ಲ. ಆದರೆ ಇಳಿಸಿದ್ದು ಯಾವುದು ಅಂತ ಮಾತ್ರ ಸ್ಪಷ್ಟ.

ಈಗ ಡಬ್ಬಿಯ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದದ್ದು ಓದಿ. ‘ಸಮತೋಲನ ಆಹಾರ ಮತ್ತು ವ್ಯಾಯಾಮದ ಜೊತೆ ಸೇವಿಸಿ’ ಅಂತ ಇರುತ್ತದೆ. ಇದಕ್ಕಿಂತ ಜಾಣ ಮಾತು ನಾನು ಕಂಡಿಲ್ಲ. ಸಾವಿರ ರೂಪಾಯಿ ಕೊಟ್ಟು ಡಬ್ಬಿ ತಂದವರು ಆ ತಿಂಗಳು ಸಂಜೆಯ ಬಜ್ಜಿ ಬಿಡುತ್ತಾರೆ, ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುತ್ತಾರೆ, ದುಡ್ಡು ಕೊಟ್ಟಿದ್ದೇನಲ್ಲ ಅಂತ ರಾತ್ರಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲ. ಎರಡು ಕಿಲೋ ಇಳಿಯುತ್ತದೆ. ಹೊಗಳಿಕೆ ಕ್ಯಾಪ್ಸೂಲಿಗೆ. ‘ನನಗೆ ವರ್ಕ್ ಆಯ್ತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ, ತೂಕ ನಿಜಕ್ಕೂ ಇಳಿದಿದೆ. ಇಳಿಸಿದ್ದು ಯಾರು ಅನ್ನುವುದರಲ್ಲಷ್ಟೇ ಗೋಲ್ಮಾಲು.

2011ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗಲೂ ಗಾರ್ಸೀನಿಯಾಕ್ಕೆ ಸಿಕ್ಕ ಹೆಚ್ಚುವರಿ ಅಂಕ ಒಂದು ಕಿಲೋ ಮುಟ್ಟಲಿಲ್ಲ. ಕಟ್ಟುನಿಟ್ಟಾಗಿ ನಡೆದ ಪ್ರಯೋಗಗಳನ್ನಷ್ಟೇ ಆರಿಸಿದರೆ ಅದೂ ನಿಲ್ಲಲಿಲ್ಲ. ಅಷ್ಟರಲ್ಲಿ ಅಮೆರಿಕದ ಟೀವಿಯಲ್ಲಿ ಡಾಕ್ಟರ್ ಆಝ್ ಎಂಬ ಹೆಸರಾಂತ ಹೃದಯ ಶಸ್ತ್ರವೈದ್ಯರು ಇದನ್ನು ಹೊಗಳಿ, ಮಾರಾಟ ಆಕಾಶಕ್ಕೇರಿತು. 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿ ಅವರನ್ನು ಕೂರಿಸಿಕೊಂಡು ಇಂಥ ಮಾತು ಯಾಕೆ ಆಡಿದಿರಿ ಅಂತ ಕೇಳಿತು. ಅದೇ ಮನುಷ್ಯ ಈಗ ಅಲ್ಲಿನ ಸರ್ಕಾರದ ದೊಡ್ಡ ಆರೋಗ್ಯ ಹುದ್ದೆಯಲ್ಲಿದ್ದಾರೆ. ಇರಲಿ.

ನನಗೆ ಬೇಸರ ತರುವುದು ಕಾಡಿನ ಕಡೆಯ ಕಥೆ. ದೂರದ ಊರಿನವರ ಹೊಟ್ಟೆ ಕರಗಿಸುವ ಆಸೆಗೆ ಇಲ್ಲಿ ರೇಟು ಏರಿತು. ರೇಟು ಏರಿದ ವರ್ಷ ಹಣ್ಣಾಗುವ ತನಕ ಕಾಯುವವರು ಕಡಿಮೆ. ಪಕ್ಕದವ ಕೊಯ್ದಾನು ಅಂತ ಕಾಯಿಗೇ ಕೈ ಹಾಕುವುದು, ಟೊಂಗೆಯನ್ನೇ ಕಡಿದು ಹಾಕುವುದು ಆಯಿತು. ಸಿಪ್ಪೆ ಒಣಗಿಸಲು ಕಾಡಿನದ್ದೇ ಸೌದೆ. ಸಿಂಗಳೀಕಗಳಿಗೂ ಇದೇ ಹಣ್ಣು ಬೇಕು. ಕೊಯ್ದವನಿಗೆ ಸಿಕ್ಕ ಕೂಲಿಗೂ ಡಬ್ಬಿಯ ಮೇಲಿನ ಬೆಲೆಗೂ ಇರುವ ಅಂತರ ನೋಡಿದರೆ, ಇದರಲ್ಲಿ ತೂಕ ಏರಿಸಿಕೊಂಡವರು ಯಾರು ಅಂತ ತಿಳಿಯುತ್ತದೆ.

‘ನೈಸರ್ಗಿಕ ತಾನೇ, ಅಜ್ಜಿ ಕಾಲದಿಂದ ತಿಂದಿದ್ದೇವೆ’ ಅನ್ನುವ ವಾದಕ್ಕೆ ಬರೋಣ. ಅಜ್ಜಿ ಸಾರಿಗೆ ಹಾಕುತ್ತಿದ್ದದ್ದು ಎರಡು ಚೂರು ಸಿಪ್ಪೆ, ಅದೂ ಮನೆಮಂದಿಗೆಲ್ಲ ಸೇರಿ. ಕ್ಯಾಪ್ಸೂಲಿನಲ್ಲಿ ಇರುವುದು ಸಿಪ್ಪೆಯ ಪುಡಿಯಲ್ಲ, ಆಮ್ಲವನ್ನು ಎಳೆದು ತೆಗೆದು ಗಟ್ಟಿ ಮಾಡಿದ ಸಾರ. ಅರ್ಧಕ್ಕಿಂತ ಹೆಚ್ಚು ಎಚ್‌ಸಿಎ ಇದೆ ಅಂತ ಡಬ್ಬಿಯ ಮೇಲೆ ಹೆಮ್ಮೆಯಿಂದ ಬರೆದುಕೊಂಡಿರುತ್ತಾರೆ. ದಿನಕ್ಕೆ ಮೂರು ಹೊತ್ತು, ತಿಂಗಳುಗಟ್ಟಲೆ, ಖಾಲಿ ಹೊಟ್ಟೆಗೆ. ಹಾಗೆ ಯಾವ ಅಜ್ಜಿಯೂ ತಿಂದಿಲ್ಲ. ಹೀಗೆ ತಿಂದವರಲ್ಲಿ ಕೆಲವರಿಗೆ ಕಾಮಾಲೆ ಬಂದದ್ದು, ಒಬ್ಬಿಬ್ಬರಿಗೆ ಲಿವರ್ ಬದಲಿಸುವ ತನಕ ಹೋದದ್ದು ವೈದ್ಯಕೀಯ ದಾಖಲೆಗಳಲ್ಲಿ ಇದೆ. ಒಂದು ಬಗೆಯ ಜೀನ್ ಇರುವವರಿಗೆ ಅಪಾಯ ಹೆಚ್ಚು ಅಂತಲೂ ಕಂಡಿದ್ದಾರೆ. ಆ ಜೀನ್ ನಿಮ್ಮಲ್ಲಿ ಇದೆಯೋ ಇಲ್ಲವೋ ನೋಡಿ ಯಾವ ಅಂಗಡಿಯವನೂ ಡಬ್ಬಿ ಕೊಡುವುದಿಲ್ಲ. ಗ್ರೀನ್ ಟೀ ಸಾರದ ಮಾತ್ರೆಯದ್ದೂ ಇದೇ ಹಾಡು. ಲೋಟದಲ್ಲಿ ಕುಡಿದರೆ ಚಹಾ; ಅದರ ಇಜಿಸಿಜಿ ಎಂಬ ಅಂಶವನ್ನು ಮಾತ್ರೆ ಮಾಡಿ ದಿನಕ್ಕೆ 800 ಮಿಲಿಗ್ರಾಂ ದಾಟಿಸಿದರೆ ಲಿವರ್ ಪರೀಕ್ಷೆಯ ಅಂಕಿಗಳು ಏರಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ.

ಅಪಾಯ ಅಪರೂಪ, ಒಪ್ಪುತ್ತೇನೆ. ಬಹಳ ಜನ ತಿಂದು ಏನೂ ಆಗದೆ ಇದ್ದಾರೆ. ಆದರೆ ಲಾಭ ಸೊನ್ನೆಯಾದಾಗ ಅಪರೂಪದ ಅಪಾಯವನ್ನಾದರೂ ಯಾಕೆ ಹೊರಬೇಕು?

ಇದಕ್ಕಿಂತ ಹೆಚ್ಚು ಹೆದರಿಕೆ ನನಗೆ ನಿಜವಾಗಿ ‘ಕೆಲಸ ಮಾಡುವ’ ಗಿಡಮೂಲಿಕೆ ಮಾತ್ರೆ ಕಂಡರೆ. ವಾರದಲ್ಲಿ ಹಸಿವೇ ಹೋಯಿತು, ಬಾಯಿ ಒಣಗುತ್ತದೆ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ ಅಂತ ಯಾರಾದರೂ ಹೇಳಿದರೆ ನನಗೆ ನೆನಪಾಗುವುದು ಸಿಬುಟ್ರಮಿನ್. ಒಂದು ಕಾಲದಲ್ಲಿ ಅದು ಡಾಕ್ಟರು ಬರೆದುಕೊಡುತ್ತಿದ್ದ ಮಾತ್ರೆಯೇ. ಹೃದಯದ ತೊಂದರೆ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿಸುತ್ತದೆ ಅಂತ ದೊಡ್ಡ ಅಧ್ಯಯನದಲ್ಲಿ ಕಂಡ ಮೇಲೆ 2010ರಲ್ಲಿ ಯುರೋಪು, ಅಮೆರಿಕಗಳಲ್ಲಿ ನಿಂತಿತು, 2011ರಲ್ಲಿ ಭಾರತದಲ್ಲೂ ನಿಷೇಧವಾಯಿತು. ಅಂಗಡಿಯಿಂದ ಹೋದದ್ದು ಪ್ರಪಂಚದಿಂದ ಹೋಗಲಿಲ್ಲ. ‘ನೂರಕ್ಕೆ ನೂರು ಹರ್ಬಲ್’ ಅಂತ ಮಾರುವ ಕ್ಯಾಪ್ಸೂಲುಗಳೊಳಗೆ ಅದನ್ನು ಕದ್ದು ಬೆರೆಸಿದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವರ್ಷ ವರ್ಷ ಹಿಡಿಯುತ್ತಲೇ ಇದೆ. ಒಳಗೆ ಏನಿದೆ ಅಂತ ಮಾತ್ರೆಯ ಮುಖ ನೋಡಿ ಹೇಳಲಾಗದು. ಲ್ಯಾಬಿನವಳಾದ ನನಗೂ ಆಗದು, ಯಂತ್ರಕ್ಕೆ ಹಾಕಿದರೆ ಮಾತ್ರ ಗೊತ್ತು.

ಸುಲಭವಾಗಿ ಕೈಗೆ ಸಿಗುತ್ತದೆ ಅಂದ ಮಾತ್ರಕ್ಕೆ ಸರ್ಕಾರ ಪರೀಕ್ಷಿಸಿ ಬಿಟ್ಟಿದೆ ಅಂದುಕೊಳ್ಳುವುದೂ ಬೇಡ. ಅಮೆರಿಕದಲ್ಲಿ ಫಿನೈಲ್‌ಪ್ರೊಪನೊಲಮಿನ್ ಎಂಬ ಹಸಿವಿನ ಮಾತ್ರೆ ದಶಕಗಳ ಕಾಲ ಚೀಟಿಯಿಲ್ಲದೆ ಬಿಕರಿಯಾಗಿ, ಹೆಂಗಸರಲ್ಲಿ ಮಿದುಳಿನ ರಕ್ತಸ್ರಾವಕ್ಕೆ ಕಾರಣವಾಗಬಹುದು ಅಂತ ತಿಳಿದದ್ದು 2000ದಲ್ಲಿ. ಎಫೆಡ್ರಾ ಎಂಬ ಗಿಡದ ಮಾತ್ರೆ ನಿಂತದ್ದು 2004ರಲ್ಲಿ, ಸಾವುಗಳಾದ ಮೇಲೆ.

ನಮ್ಮ ಕಾನೂನಿನ ಸಂಗತಿ ಇನ್ನೂ ಮಜವಾಗಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ, ಯಾವ ಯಾವ ಕಾಯಿಲೆಗೆ ಮದ್ದು ಅಂತ ಜಾಹೀರಾತು ಕೊಡಬಾರದು ಅನ್ನುವ ಪಟ್ಟಿ ಇದೆ. ಅದರಲ್ಲಿ ಬೊಜ್ಜೂ ಒಂದು. ಹಾಗಾದರೆ ಫೇಸ್‌ಬುಕ್ ತೆರೆದರೆ ಸಾಕು, ಹೊಟ್ಟೆ ಕರಗಿಸುವವರ ಜಾತ್ರೆ ಹೇಗೆ? ಅವರು ಡಬ್ಬಿಯನ್ನು ಔಷಧ ಅನ್ನುವುದೇ ಇಲ್ಲ, ಆಹಾರ ಪೂರಕ ಅನ್ನುತ್ತಾರೆ. ‘ಬೊಜ್ಜು ಕಳೆಯುತ್ತದೆ’ ಅನ್ನದೆ ‘ತೂಕ ನಿರ್ವಹಣೆಗೆ ಸಹಕಾರಿ’ ಅನ್ನುತ್ತಾರೆ. ಆಹಾರ ಪೂರಕವಾದ್ದರಿಂದ ‘ಔಷಧವಾಗಿ ಬಳಸಲು ಅಲ್ಲ’ ಅಂತ ಅದೇ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚು ಹಾಕಲೇಬೇಕು, ಹಾಕಿರುತ್ತಾರೆ. ತಂಗಿಗೆ ಹೇಳಿದೆ, ಫೋಟೋ ದೊಡ್ಡದು ಮಾಡಿ ನೋಡು ಅಂತ. ಇತ್ತು.

ಹಾಗಾದರೆ ಒಂದೂ ಇಲ್ಲವಾ? ಒಂದಿದೆ, ಆರ್ಲಿಸ್ಟಾಟ್. ಅಮೆರಿಕದಲ್ಲಿ 2007ರಿಂದ 60 ಮಿಲಿಗ್ರಾಂ ಮಾತ್ರೆ ಚೀಟಿಯಿಲ್ಲದೆ ಸಿಗುತ್ತದೆ. ಇದು ಪ್ರಾಮಾಣಿಕ ಮಾತ್ರೆ. ತಿಂದ ಕೊಬ್ಬನ್ನು ಕರುಳು ಜೀರ್ಣಿಸದ ಹಾಗೆ ತಡೆಯುತ್ತದೆ. 120 ಮಿಲಿಗ್ರಾಂ ತಗೊಂಡರೆ ಮೂರರಲ್ಲಿ ಒಂದು ಪಾಲಿನಷ್ಟು ಕೊಬ್ಬು ಹಾಗೇ ಹೊರಗೆ ಹೋಗುತ್ತದೆ. ಹೊರಗೆ ಹೋಗುವುದು ಹೇಗೆ ಅಂತ ಕೇಳಿದಿರಾ? ಎಣ್ಣೆಯಾಗಿ. ಮದುವೆ ಮನೆಯಲ್ಲಿ ಹೋಳಿಗೆಗೆ ತುಪ್ಪ ಸುರಿದುಕೊಂಡು ತಿಂದು ಬಿಳಿ ಪಂಚೆಯಲ್ಲಿ ಕೂತವರ ಗತಿ ಊಹಿಸಿಕೊಳ್ಳಿ. ಇಷ್ಟಕ್ಕೆ ಸಿಗುವುದು ಎಷ್ಟು? ಸ್ವೀಡನ್ನಿನಲ್ಲಿ ಮೂರು ಸಾವಿರ ಚಿಲ್ಲರೆ ಜನರನ್ನು ನಾಲ್ಕು ವರ್ಷ ನೋಡಿದರು. ಮಾತ್ರೆಯವರು 5.8 ಕಿಲೋ ಇಳಿದರು, ಖಾಲಿ ಮಾತ್ರೆಯವರು 3 ಕಿಲೋ. ನಾಲ್ಕು ವರ್ಷ ದಿನಕ್ಕೆ ಮೂರು ಮಾತ್ರೆ ನುಂಗಿ ಮೂರು ಕಿಲೋಗೂ ಕಡಿಮೆ ಲಾಭ. ಜತೆಗೆ ಎ, ಡಿ, ಇ, ಕೆ ವಿಟಮಿನ್‌ಗಳೂ ಸೋರಿ ಹೋಗುವುದರಿಂದ ಅದಕ್ಕೂ ಒಂದು ಮಾತ್ರೆ. ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ಮಲೆನಾಡಿನ ನಮ್ಮ ಊಟದಲ್ಲಿ ಹೆಚ್ಚಿರುವುದು ಅನ್ನ. ಅನ್ನಕ್ಕೆ ಇದು ಏನೂ ಮಾಡದು.

ಹೊಸ ಇಂಜೆಕ್ಷನ್ನುಗಳ ಮಾತೇ ಬೇರೆ. ಸೆಮಾಗ್ಲುಟೈಡ್ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ದೇಹತೂಕದ ನೂರಕ್ಕೆ ಹದಿನೈದರಷ್ಟು ಇಳಿಸಿತು. 2025ರಿಂದ ಭಾರತದ ಮಾರುಕಟ್ಟೆಯಲ್ಲಿ ಟಿರ್ಜೆಪಟೈಡ್ ಕೂಡ ಇದೆ. ಇವಕ್ಕೆ ಡಾಕ್ಟರು ಬೇಕು, ದುಡ್ಡು ಬೇಕು, ವಾಂತಿ, ವಾಕರಿಕೆ ತಡೆಯುವ ಶಕ್ತಿ ಬೇಕು, ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ವಾಪಸು ಬರುತ್ತದೆ. ಆದರೂ ಬೊಜ್ಜಿನಿಂದ ನಿಜಕ್ಕೂ ಕಷ್ಟಪಡುವವರಿಗೆ ಕೇಳಬೇಕಾದ ದಾರಿ ಅದು, ಫೇಸ್‌ಬುಕ್ ಡಬ್ಬಿ ಅಲ್ಲ. ಸಕ್ಕರೆ, ಬಿಪಿ, ಪಿಸಿಒಡಿ, ಮಂಡಿನೋವು ಇದ್ದವರು ನಾಚಿಕೆ ಬಿಟ್ಟು ಡಾಕ್ಟರ ಬಳಿ ಹೋಗಿ. ಕರ್ನಾಟಕದಲ್ಲಿ ಹರೆಯದಿಂದ ನಡುವಯಸ್ಸಿನವರೆಗಿನ ನೂರಕ್ಕೆ ಸುಮಾರು ಮೂವತ್ತು ಮಂದಿಯ ತೂಕ ಹೆಚ್ಚಿದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ನೀವೊಬ್ಬರೇ ಏನಲ್ಲ.

ತಂಗಿಯ ವಿಷಯಕ್ಕೆ ಬಂದರೆ, ಅವಳಿಗೆ ಈ ಯಾವುದೂ ಬೇಡ. ಅವಳ ತೂಕ ಸರಿಯಾಗೇ ಇದೆ. ಮದುವೆ ಜವಳಿಗೆ ಹೋದಾಗ ಅತ್ತೆಯೊಬ್ಬರು “ರವಿಕೆಗೆ ಇನ್ನೊಂದು ಮೀಟರ್ ತಗಳಕ್ಕಾ?” ಅಂತ ನಕ್ಕರಂತೆ. ಆ ನಗುವಿಗೆ ಸಾವಿರ ರೂಪಾಯಿ. ಅತ್ತೆಯಂದಿರೇ, ನಿಮಗೊಂದು ನಮಸ್ಕಾರ, ಈ ಉದ್ಯಮದ ಅರ್ಧ ಮಾರ್ಕೆಟಿಂಗು ನೀವೇ ಪುಕ್ಕಟೆ ಮಾಡಿಕೊಡುತ್ತಿದ್ದೀರಿ.

ಈಗಾಗಲೇ ಇಂಥ ಕ್ಯಾಪ್ಸೂಲು ತಗೊಳ್ಳುತ್ತಿರುವವರಿಗೆ ಒಂದು ಮಾತು. ಮೂತ್ರ ಕಡುಹಳದಿ ಆದರೆ, ಕಣ್ಣು ಹಳದಿಯಾದರೆ, ವಿಪರೀತ ಸುಸ್ತು, ಮೈ ತುರಿಕೆ, ಬಲಪಕ್ಕೆಯ ಕೆಳಗೆ ನೋವು ಬಂದರೆ ಅವತ್ತೇ ನಿಲ್ಲಿಸಿ, ಡಾಕ್ಟರ ಬಳಿ ಹೋಗುವಾಗ ಡಬ್ಬಿಯನ್ನೂ ಒಯ್ಯಿರಿ. ‘ಏನಾದರೂ ಔಷಧಿ ತಗೊಳ್ತಿದ್ದೀರಾ’ ಅಂತ ಅವರು ಕೇಳಿದಾಗ ನಮ್ಮವರು ಇಂಥದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೇಳಿ. ಹಾಗೆಯೇ, ಕಾಮೆಂಟಿನಲ್ಲಿ ‘ಮೇಡಂ, ನಮ್ಮ ಪ್ರಾಡಕ್ಟ್ ಹಾಗಲ್ಲ, ಇನ್‌ಬಾಕ್ಸ್ ನೋಡಿ’ ಅಂತ ಬರೆಯುವವರನ್ನು ಬ್ಲಾಕ್ ಮಾಡುತ್ತೇನೆ, ನೆಂಟರಾದರೂ ಸರಿ.