ಈಜಿಪ್ಟಿನ ಬಡವರ ರೊಟ್ಟಿಯನ್ನು ದೂರಬೇಡಿ

ಅರಬ್ ದೇಶ ಅಂದ ಕೂಡಲೇ ನಮ್ಮ ಕರಾವಳಿಯವರಿಗೆ ನೆನಪಾಗುವುದು ದುಬೈ, ದೋಹಾ, ದಮ್ಮಾಮ್. ಎಣ್ಣೆಯ ದುಡ್ಡು, ಅಗಲವಾದ ರಸ್ತೆ, ತಿಂಗಳಾದರೆ ಊರಿಗೆ ಬರುವ ಹಣ. ಆದರೆ ಅರಬ್ ಲೀಗಿನಲ್ಲಿ 22 ದೇಶಗಳಿವೆ, ಗಲ್ಫ್ ಸಹಕಾರ ಮಂಡಳಿಯಲ್ಲಿ ಇರುವುದು ಬರೀ ಆರು. ಅರಬ್ಬರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಈಜಿಪ್ಟಿನವರು. ಆ ಈಜಿಪ್ಟಿನ ಜನ ನಮ್ಮ ಹಾಗೆಯೇ ಊರು ಬಿಟ್ಟು ಗಲ್ಫಿಗೆ ದುಡಿಯಲು ಬರುತ್ತಾರೆ. ನಾನು ಕುವೈತಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ, ನಮ್ಮ ಆಫೀಸಿನಲ್ಲಿ ಮಿಸ್ರಿಗಳೇ ಜಾಸ್ತಿ. ಇಲ್ಲಿ ಈಜಿಪ್ಟಿನವರನ್ನು ನಾವೆಲ್ಲ ಮಿಸ್ರಿ ಅಂತಲೇ ಕರೆಯುವುದು.

ಇದನ್ನು ಬರೆಯಲು ಕಾರಣ, ನಮ್ಮವರ ಮಾತಿನಲ್ಲಿ ಮತ್ತೆ ಮತ್ತೆ ಕೇಳುವ ಒಂದು ತೀರ್ಪು. "ಬಿಟ್ಟಿ ರೊಟ್ಟಿ ಕೊಟ್ಟೂ ಕೊಟ್ಟೂ ಈಜಿಪ್ಟ್ ಹಾಳಾಯಿತು, ಜೊತೆಗೆ ಮಕ್ಕಳ ಮೇಲೆ ಮಕ್ಕಳು" ಅಂತ. ಈ ಮಾತನ್ನು ನಾನು ಒಪ್ಪುವುದಿಲ್ಲ. ಲೆಕ್ಕ ನೋಡಿದರೆ ಇದು ನಿಲ್ಲುವುದೂ ಇಲ್ಲ.

ಮೊದಲು ರೊಟ್ಟಿಯ ವಿಷಯ. ಈಜಿಪ್ಟಿನಲ್ಲಿ ಸುಮಾರು 7 ಕೋಟಿ ಜನಕ್ಕೆ ಪಡಿತರದ ರೊಟ್ಟಿ ಸಿಗುತ್ತದೆ. ಕಾರ್ಡು ಹಿಡಿದು ಬೇಕರಿಗೆ ಹೋದರೆ ತಲೆಗೆ ದಿನಕ್ಕೆ ಐದು ರೊಟ್ಟಿ. ಒಂದರ ಬೆಲೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ 5 ಪಿಯಾಸ್ಟರ್ ಇತ್ತು, ಅಂದರೆ ಈಜಿಪ್ಟಿನ ಪೌಂಡಿನ ಇಪ್ಪತ್ತನೇ ಒಂದು ಪಾಲು. 2024ರ ಜೂನ್ 1ರಿಂದ ಅದು 20 ಪಿಯಾಸ್ಟರ್ ಆಯಿತು. ಒಂದೇ ಏಟಿಗೆ ನಾಲ್ಕು ಪಟ್ಟು. ಅಷ್ಟಾದರೂ ಒಂದು ರೊಟ್ಟಿ ಮಾಡಲು ಸರ್ಕಾರಕ್ಕೆ ಆಗ ಬೀಳುತ್ತಿದ್ದ ಖರ್ಚು ಒಂದೂಕಾಲು ಪೌಂಡ್. ಉಳಿದದ್ದು ಸಬ್ಸಿಡಿ.

ಇದನ್ನು ಮುಟ್ಟಲು ಅಲ್ಲಿನ ಸರ್ಕಾರಗಳು ಹೆದರುವುದಕ್ಕೆ ಕಾರಣವಿದೆ. 1977ರ ಜನವರಿಯಲ್ಲಿ ಆಗಿನ ಅಧ್ಯಕ್ಷ ಅನ್ವರ್ ಸಾದತ್ ಸಬ್ಸಿಡಿ ಕತ್ತರಿಸಲು ಹೋದಾಗ ಎರಡೇ ದಿನದಲ್ಲಿ ಅಲೆಕ್ಸಾಂಡ್ರಿಯಾದಿಂದ ಅಸ್ವಾನ್‌ವರೆಗೆ ಜನ ಬೀದಿಗಿಳಿದರು, ಹತ್ತಾರು ಜನ ಸತ್ತರು, ಸರ್ಕಾರ ಆದೇಶವನ್ನೇ ವಾಪಸ್ ತೆಗೆದುಕೊಂಡಿತು. 2011ರಲ್ಲಿ ಸರ್ಕಾರದ ವಿರುದ್ಧ ಕೈರೋದ ತಹ್ರೀರ್ ಚೌಕದಲ್ಲಿ ಸೇರಿದವರು ಕೂಗಿದ್ದೂ ರೊಟ್ಟಿ, ಸ್ವಾತಂತ್ರ್ಯ, ಸಾಮಾಜಿಕ ನ್ಯಾಯ ಅಂತ. ರೊಟ್ಟಿಯೇ ಮೊದಲು. ಹಾಗಾಗಿ ಬಹಳ ವರ್ಷ ಬೆಲೆ ಮುಟ್ಟದೆ ತೂಕವನ್ನು ಕಡಿಮೆ ಮಾಡಿದರು. 2020ರಲ್ಲಿ 110 ಗ್ರಾಂ ಇದ್ದ ರೊಟ್ಟಿ 90 ಗ್ರಾಂ ಆಯಿತು.

ಈಗ ಲೆಕ್ಕಕ್ಕೆ ಬನ್ನಿ. 2024-25ರ ಬಜೆಟ್ಟಿನಲ್ಲಿ ರೊಟ್ಟಿಯೂ ಸೇರಿ ಪಡಿತರದ ಸಬ್ಸಿಡಿಗೆ ಇಟ್ಟದ್ದು ಸುಮಾರು 13,400 ಕೋಟಿ ಪೌಂಡ್. ಸಾಲದ ಬಡ್ಡಿಗೆ ಇಟ್ಟದ್ದು 1,83,000 ಕೋಟಿ ಪೌಂಡ್. ಹದಿಮೂರು ಪಟ್ಟಿಗಿಂತ ಜಾಸ್ತಿ! ಸರ್ಕಾರದ ಖರ್ಚಿನಲ್ಲಿ ಅರ್ಧದ ಹತ್ತಿರ ಬರೀ ಬಡ್ಡಿಗೆ ಹೋಗುತ್ತದೆ. ಅಸಲು ಬೇರೆ. ಹೀಗಿರುವಾಗ ದೇಶ ಮುಳುಗಿದ್ದಕ್ಕೆ ಆ ಐದು ರೊಟ್ಟಿಯನ್ನು ಹೇಗೆ ದೂರುತ್ತೀರಿ?

ಸಾಲ ಎಲ್ಲಿಗೆ ಹೋಯಿತು ಅನ್ನುವುದೇ ಕೇಳಬೇಕಾದ ಪ್ರಶ್ನೆ. 2014ರಲ್ಲಿ ಈಜಿಪ್ಟಿನ ವಿದೇಶಿ ಸಾಲ ಸುಮಾರು 4,600 ಕೋಟಿ ಡಾಲರ್ ಇತ್ತು. 2023ರ ಕೊನೆಗೆ ಅದು 16,800 ಕೋಟಿ. ಈ ಹತ್ತು ವರ್ಷದಲ್ಲಿ ಕೈರೋದ ಪೂರ್ವಕ್ಕೆ ಮರುಭೂಮಿಯಲ್ಲಿ ಒಂದು ಹೊಸ ರಾಜಧಾನಿ ಎದ್ದಿತು. ಆಫ್ರಿಕಾದಲ್ಲೇ ಅತಿ ಎತ್ತರದ ಕಟ್ಟಡ, ಮಾನೊರೈಲು, ಭಾರಿ ಮಸೀದಿ, ಭಾರಿ ಚರ್ಚು. ಅದನ್ನು ಕಟ್ಟುವ ಕಂಪನಿಯಲ್ಲಿ 51 ಶೇಕಡಾ ಪಾಲು ಸೇನೆಯದು. ಸೇನೆಯ ಕಂಪನಿಗಳು ಪೆಟ್ರೋಲ್ ಬಂಕ್ ನಡೆಸುತ್ತವೆ, ಕುಡಿಯುವ ನೀರಿನ ಬಾಟಲಿ ಮಾರುತ್ತವೆ, ಸಿಮೆಂಟ್ ಮಾಡುತ್ತವೆ. ಅವುಗಳ ಲೆಕ್ಕ ಪತ್ರ ಜನರ ಮುಂದೆ ಬರುವುದಿಲ್ಲ. ರಸ್ತೆ, ಸೇತುವೆ ಬೇಡ ಅಂತ ನಾನು ಹೇಳುತ್ತಿಲ್ಲ. ಕೈರೋದ ಟ್ರಾಫಿಕ್ ಬಗ್ಗೆ ಮಿಸ್ರಿಗಳೇ ಗೋಳಾಡುತ್ತಾರೆ, ಕೆಲವು ಕಾಮಗಾರಿಯಿಂದ ನಿಜಕ್ಕೂ ಅನುಕೂಲ ಆಗಿದೆ. ಆದರೆ ಡಾಲರ್ ಸಾಲ ತಂದು ಕಟ್ಟಿದ ಮೇಲೆ ಅದು ಡಾಲರ್ ದುಡಿಯಬೇಕು ಅಲ್ವಾ? ಆಫೀಸು ಕಟ್ಟಡ ಡಾಲರ್ ದುಡಿಯುವುದಿಲ್ಲ.

ಡಾಲರ್ ದುಡಿಯುತ್ತಿದ್ದ ದಾರಿಗಳೂ ಒಂದೊಂದಾಗಿ ಕಟ್ಟಿಕೊಂಡವು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಪ್ರಪಂಚದಲ್ಲೇ ಅತಿ ಹೆಚ್ಚು ಗೋಧಿ ಆಮದು ಮಾಡುವ ದೇಶ ಈಜಿಪ್ಟ್, ಅದರಲ್ಲಿ ಸುಮಾರು 80 ಶೇಕಡಾ ಬರುತ್ತಿದ್ದದ್ದು ರಷ್ಯಾ ಮತ್ತು ಉಕ್ರೇನ್‌ನಿಂದ. ಗೋಧಿ ಬೆಲೆ ಏರಿತು. ಹೆಚ್ಚಿನ ಬಡ್ಡಿಯ ಆಸೆಗೆ ಅಲ್ಲಿನ ಸರ್ಕಾರಿ ಬಾಂಡಿನಲ್ಲಿ ದುಡ್ಡು ಹಾಕಿದ್ದ ವಿದೇಶಿಯರು ಕೆಲವೇ ವಾರಗಳಲ್ಲಿ ಸುಮಾರು 2,000 ಕೋಟಿ ಡಾಲರ್ ಹೊರಗೆ ಎಳೆದುಕೊಂಡರು. ಆಮೇಲೆ ಗಾಜಾ ಯುದ್ಧ, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನಿನ ಹೂಥಿ ಬಂಡುಕೋರರ ದಾಳಿ. ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. 2023ರಲ್ಲಿ 1,000 ಕೋಟಿ ಡಾಲರ್ ದಾಟಿದ್ದ ಸೂಯೆಜ್ ಕಾಲುವೆಯ ಆದಾಯ ಮರುವರ್ಷ 400 ಕೋಟಿ ಆಸುಪಾಸಿಗೆ ಬಿತ್ತು. ಇದು ಈಜಿಪ್ಟಿನ ತಪ್ಪಲ್ಲ, ಖಂಡಿತ ಅಲ್ಲ. ಆದರೆ ಇಷ್ಟು ಸಾಲ ಹೊತ್ತುಕೊಂಡಿರದಿದ್ದರೆ ಈ ಏಟನ್ನು ತಡೆದುಕೊಳ್ಳಬಹುದಿತ್ತು.

ಡಾಲರ್ ಇಲ್ಲ ಅಂದರೆ ಮನೆಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. 2022ರ ಅಕ್ಟೋಬರ್‌ನಲ್ಲಿ ಕೋಳಿ ಆಹಾರಕ್ಕೆ ಬೇಕಾದ ಜೋಳ, ಸೋಯಾ ಬಂದರಿನಲ್ಲೇ ಸಿಕ್ಕಿಬಿದ್ದವು. ಬಿಡಿಸಿಕೊಳ್ಳಲು ಬ್ಯಾಂಕಿನಲ್ಲಿ ಡಾಲರ್ ಸಿಗಲಿಲ್ಲ. ಫಾರ್ಮಿನವರು ಹಾಕಲು ಆಹಾರವಿಲ್ಲದೆ ಮರಿಗಳನ್ನು ಕೊಂದರು. ಕೋಳಿ, ಮೊಟ್ಟೆ ದುಬಾರಿ ಆದವು. ಆ ವರ್ಷದ ಕೊನೆಗೆ ಸರ್ಕಾರದ ಪೌಷ್ಟಿಕತೆ ಸಂಸ್ಥೆ ಕಡಿಮೆ ಖರ್ಚಿನ ಪ್ರೋಟೀನ್ ಅಂತ ಒಂದು ಪಟ್ಟಿ ಹಾಕಿತು, ಅದರಲ್ಲಿ ಕೋಳಿ ಕಾಲೂ ಇತ್ತು. ಜನ ಸಿಟ್ಟಾದರು. ನಮ್ಮ ಆಫೀಸಿನ ಮಿಸ್ರಿಗಳು ಊಟದ ಹೊತ್ತಿಗೆ ಅದನ್ನು ಹೇಳುವಾಗ ಅವರ ಮುಖದಲ್ಲಿ ಕಂಡದ್ದು ಅವಮಾನ.

ಆಮೇಲೆ ಪೌಂಡು ಬಿತ್ತು, ಬೀಳುತ್ತಲೇ ಹೋಯಿತು. 2022ರ ಆರಂಭದಲ್ಲಿ ಡಾಲರಿಗೆ 15.7 ಪೌಂಡ್. 2023ರಲ್ಲಿ 31ರ ಹತ್ತಿರ. 2024ರ ಮಾರ್ಚ್ 6ರಂದು ಪೌಂಡಿನ ಬೆಲೆಯನ್ನು ಮಾರುಕಟ್ಟೆಗೇ ಬಿಟ್ಟುಬಿಟ್ಟರು, 50ಕ್ಕೆ ಹೋಯಿತು. ಅದೇ ದಿನ ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ, ತನ್ನ ಸಾಲವನ್ನು 300 ಕೋಟಿ ಡಾಲರಿನಿಂದ 800 ಕೋಟಿಗೆ ಏರಿಸಿತು. ಅದಕ್ಕೆ ಸ್ವಲ್ಪ ಮೊದಲು ಮೆಡಿಟರೇನಿಯನ್ ದಡದ ರಾಸ್ ಅಲ್ ಹಿಕ್ಮಾ ಅನ್ನುವ ಜಾಗವನ್ನು ಅಭಿವೃದ್ಧಿಗೆ ಅಂತ ಅಬುಧಾಬಿಯವರಿಗೆ ಕೊಟ್ಟು 3,500 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿದ್ದರು. ದೇಶ ದಿವಾಳಿ ಆಗಲಿಲ್ಲ, ಸರಿ. ಆದರೆ ಸಂಬಳದವನ ಗತಿ ನೋಡಿ. 2022ರ ಜನವರಿಯಲ್ಲಿ ಸರ್ಕಾರಿ ನೌಕರನ ಕನಿಷ್ಠ ಸಂಬಳ 2,400 ಪೌಂಡ್, ಅಂದರೆ ಸುಮಾರು 153 ಡಾಲರ್. 2024ರ ಮಾರ್ಚ್‌ನಲ್ಲಿ ಅದನ್ನು 6,000 ಪೌಂಡಿಗೆ ಏರಿಸಿದರು. ಆ ಹೊತ್ತಿಗೆ ಅದರ ಬೆಲೆ 120 ಡಾಲರ್. ಸಂಬಳ ಎರಡೂವರೆ ಪಟ್ಟು ಆದ ಮೇಲೂ ಅವನು ಮೊದಲಿಗಿಂತ ಬಡವ.

ಇದರ ಬಿಸಿ ತುಂಬಾ ತಟ್ಟಿರುವುದು ಮದುವೆಯ ವಯಸ್ಸಿನವರಿಗೆ. ಅಲ್ಲಿ ಹುಡುಗ ಮನೆ ತೋರಿಸಬೇಕು, ಶಬ್ಕಾ ಅಂತ ಹುಡುಗಿಗೆ ಚಿನ್ನ ಹಾಕಬೇಕು. ಹುಡುಗಿಯ ಕಡೆಯವರು ಪಾತ್ರೆ, ಹಾಸಿಗೆ, ಫ್ರಿಜ್ಜು, ವಾಷಿಂಗ್ ಮಷಿನ್ ಎಲ್ಲ ಕೂಡಿಸಬೇಕು. ಇವೆಲ್ಲದರ ಬೆಲೆ ಡಾಲರ್ ಹಿಂದೆಯೇ ಏರುತ್ತದೆ, ಸಂಬಳ ಮಾತ್ರ ಪೌಂಡಿನಲ್ಲಿ. ನನ್ನ ಪಕ್ಕದ ಟೇಬಲಿನ ಹುಡುಗ ಮನ್ಸೂರಾ ಕಡೆಯವನು, ಇಂಜಿನಿಯರಿಂಗ್ ಓದಿದವನು, ಇಲ್ಲಿ ಸ್ಟೋರ್ ಕೀಪರ್. ನಿಶ್ಚಿತಾರ್ಥ ಆಗಿ ವರ್ಷಗಳೇ ಆದವು, ಫ್ಲ್ಯಾಟಿನ ಕಂತು ಇನ್ನೂ ಮುಗಿದಿಲ್ಲ. "ನಾನಾದರೂ ದಿನಾರ್ ದುಡಿಯುತ್ತೇನೆ ಅಣ್ಣಾ, ಊರಲ್ಲೇ ಉಳಿದ ನನ್ನ ಜೊತೆಯವರು ಮದುವೆಯ ಮಾತನ್ನೇ ಬಿಟ್ಟಿದ್ದಾರೆ" ಅಂತ ಒಮ್ಮೆ ಹೇಳಿದ. ನಮ್ಮ ಕಡೆಯವರಿಂದ ಕಲಿತು ನನ್ನನ್ನು ಅಣ್ಣ ಅಂತಲೇ ಕರೆಯುವುದು.

ಅದಕ್ಕಿಂತ ಕಷ್ಟದ್ದು ತಾಯಂದಿರ ಕಥೆ. ಮಗಳ ಮದುವೆಗೆ ಅಂತ ಫ್ರಿಜ್ಜು, ಒಲೆ ಕಂತಿನಲ್ಲಿ ತರುತ್ತಾರೆ. ಅಂಗಡಿಯವನು ರಸೀದಿಗೆ ಸಹಿ ಹಾಕಿಸಿಕೊಳ್ಳುತ್ತಾನೆ. ಕಂತು ತಪ್ಪಿದರೆ ಆ ರಸೀದಿ ಕ್ರಿಮಿನಲ್ ಕೇಸಾಗುತ್ತದೆ, ಹೆಂಗಸು ಜೈಲಿಗೆ ಹೋಗುತ್ತಾಳೆ. ಇಂಥವರನ್ನು ಗಾರಿಮಾತ್ ಅನ್ನುತ್ತಾರೆ. ಎಷ್ಟು ಜನ ಇದ್ದಾರೆಂದರೆ ಅವರ ಸಾಲ ತೀರಿಸಿ ಬಿಡಿಸಲು ಅಧ್ಯಕ್ಷರ ಹೆಸರಿನಲ್ಲೇ ಒಂದು ಯೋಜನೆ ಮಾಡಬೇಕಾಯಿತು. ಬಿಡಿಸಿದ್ದು ಒಳ್ಳೆಯದೇ. ಒಂದು ಫ್ರಿಜ್ಜಿನ ಸಾಲಕ್ಕೆ ಹೆಂಗಸನ್ನು ಜೈಲಿಗೆ ಹಾಕುವ ಆ ಕಾನೂನನ್ನೇ ತೆಗೆದುಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ.

ಮಕ್ಕಳು ಜಾಸ್ತಿ ಅನ್ನುವ ಮಾತಿಗೂ ಒಂದು ಉತ್ತರ ಇರಲಿ. ಜನಸಂಖ್ಯೆ 2020ರಲ್ಲೇ 10 ಕೋಟಿ ದಾಟಿದೆ, ಹೆಚ್ಚುಕಡಿಮೆ ಎಲ್ಲರೂ ನೈಲ್ ಅಕ್ಕಪಕ್ಕದ ಒಂದು ಪಟ್ಟಿಯಲ್ಲಿ ಬದುಕುತ್ತಾರೆ, ಒತ್ತಡ ಇದೆ. ಆದರೆ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 2014ರಲ್ಲಿ 3.5 ಇದ್ದದ್ದು 2021ಕ್ಕೆ 2.85ಕ್ಕೆ ಇಳಿಯಿತು. ಅದೇ ಹೊತ್ತಿಗೆ ಸಾಲ ಏರುತ್ತಲೇ ಇತ್ತು. ಹಾಗಾದರೆ ಯಾವುದರಿಂದ ಯಾವುದಾಯಿತು? ನಿಜವಾದ ಕೊರತೆ ಕೆಲಸದ್ದು. ಸಾದತ್‌ಗಿಂತ ಮೊದಲಿನ ಅಧ್ಯಕ್ಷ ನಾಸರ್ ಕಾಲದಲ್ಲಿ ಡಿಗ್ರಿ ಮುಗಿಸಿದವರಿಗೆಲ್ಲ ಸರ್ಕಾರಿ ಕೆಲಸ ಕೊಡುವ ವ್ಯವಸ್ಥೆ ಇತ್ತು, ಅದು ಮುಗಿದು ಎಷ್ಟೋ ಕಾಲವಾಯಿತು, ಆ ಜಾಗಕ್ಕೆ ಬೇರೆ ಏನೂ ಬರಲಿಲ್ಲ. ಓದಿದವರಲ್ಲೇ ನಿರುದ್ಯೋಗ ಜಾಸ್ತಿ. ಹೆಂಗಸರಲ್ಲಿ ಕೆಲಸಕ್ಕೆ ಹೋಗುವವರು ಐದರಲ್ಲಿ ಒಬ್ಬರೂ ಇಲ್ಲ. ಅಲ್ಲೇ ಓದಿದ ಡಾಕ್ಟರುಗಳು ಬ್ರಿಟನ್ನಿಗೆ, ಗಲ್ಫಿಗೆ ಹೊರಟಿದ್ದಾರೆ.

ಈಗ ಅಲ್ಲಿನ ಸರ್ಕಾರ ರೊಟ್ಟಿಯ ಬದಲು ಕೈಗೆ ದುಡ್ಡು ಕೊಡುವ ಮಾತಾಡುತ್ತಿದೆ. ಕಳ್ಳಸಾಗಣೆ ನಿಲ್ಲುತ್ತದೆ, ಹಿಟ್ಟು ಪೋಲಾಗುವುದಿಲ್ಲ ಅಂತ ಕಾರಣ ಕೊಡುತ್ತಾರೆ. ನಮ್ಮಲ್ಲೂ ಈ ಚರ್ಚೆ ಆಗಿದೆ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಹಾಕುತ್ತಿದ್ದರು, 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡಲು ಶುರು ಮಾಡಿದರು. ನಮ್ಮಲ್ಲಿ ಬೆಲೆ ಏರಿಕೆ ಐದಾರು ಶೇಕಡಾ ಇದ್ದಾಗಲೇ ಆ ದುಡ್ಡಿಗೆ ಅಂಗಡಿಯಲ್ಲಿ 5 ಕೆಜಿ ಒಳ್ಳೆಯ ಅಕ್ಕಿ ಬರುತ್ತಿರಲಿಲ್ಲ. ಈಜಿಪ್ಟಿನಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಬೆಲೆ ಏರಿಕೆ 38 ಶೇಕಡಾ ಮುಟ್ಟಿತ್ತು. ಅಂಥ ಕಡೆ ಕೈಗೆ ಕೊಟ್ಟ ನೋಟು ಒಂದೆರಡು ವರ್ಷದಲ್ಲಿ ಅರ್ಧ ಕರಗುತ್ತದೆ, ಅದನ್ನು ಏರಿಸಿ ಅಂತ ಕೇಳಲು ಬೀದಿಗೆ ಇಳಿದರೆ ಜೈಲು. ರೊಟ್ಟಿ ಹಾಗಲ್ಲ, ಪೌಂಡ್ ಎಷ್ಟೇ ಬಿದ್ದರೂ ಐದು ಅಂದರೆ ಐದೇ. ಉಳಿತಾಯ ಮಾಡಲೇಬೇಕಾದರೆ ಹೊಸ ರಾಜಧಾನಿಯ ಮುಂದಿನ ಹಂತವನ್ನು ನಿಲ್ಲಿಸಲಿ, ಸೇನೆಯ ಕಂಪನಿಗಳ ಲೆಕ್ಕ ತೆಗೆದು ಸಂಸತ್ತಿನ ಮುಂದೆ ಇಡಲಿ. ಅದು ಆಗುವವರೆಗೆ ಆ ಬೇಕರಿಯ ಕಿಟಕಿಗೆ ಯಾರೂ ಕೈ ಹಾಕಬಾರದು.