ಸತ್ಯಾಂಶ: ವಿಟಮಿನ್ ಇ ಹಾಕಿದರೆ ಲೋಳೆಸರದ ಜೆಲ್ ಕೆಡುವುದಿಲ್ಲವೇ?

ಮನೆಯಲ್ಲಿ ಮಾಡಿದ ಲೋಳೆಸರದ ಜೆಲ್‌ಗೆ ಎರಡು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದರೆ ಆರು ತಿಂಗಳು ಹೊರಗಿಟ್ಟರೂ ಕೆಡುವುದಿಲ್ಲ ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಇದು ನಿಜವಲ್ಲ.

ಎಣ್ಣೆ ಹಳೆಯದಾದರೆ ಕಮಟು ವಾಸನೆ ಬರುತ್ತದಲ್ಲ, ವಿಟಮಿನ್ ಇ ಅದನ್ನು ಸ್ವಲ್ಪ ನಿಧಾನ ಮಾಡುತ್ತದೆ, ಅಷ್ಟೇ. ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುವುದನ್ನು ತಡೆಯುವುದಿಲ್ಲ. ಲೋಳೆಸರದ ತಿರುಳಿನಲ್ಲಿ ನೂರಕ್ಕೆ 98ರಷ್ಟು ನೀರೇ ಇರುತ್ತದೆ, ಅವು ಬೆಳೆಯೋಕೆ ಅದೇ ಸಾಕು. ಬಣ್ಣ, ವಾಸನೆ ಬದಲಾಗುವ ಮೊದಲೇ ಬೆಳೆದಿರಬಹುದು, ಹಾಗಾಗಿ ಚೆನ್ನಾಗೇ ಕಾಣುತ್ತಿದೆ ಅಂತ ಹಳೆಯ ಜೆಲ್ಲನ್ನು ಮೊಡವೆ ಒಡೆದ ಮುಖಕ್ಕೆ ಹಚ್ಚಬೇಡಿ, ದಯವಿಟ್ಟು.

ಬರೀ ಎಣ್ಣೆಯ ವಿಷಯ ಬೇರೆ. ದಾಸವಾಳ, ಕರಿಬೇವು ಹಾಕಿ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿದ ಕೊಬ್ಬರಿ ಎಣ್ಣೆ ತಿಂಗಳುಗಟ್ಟಲೆ ಇರುತ್ತದೆ, ಯಾಕಂದ್ರೆ ಸೊಪ್ಪಿನ ನೀರೆಲ್ಲ ಆವಿಯಾಗಿ ಹೋಗಿರುತ್ತದೆ. ಅದಕ್ಕೆ ಒದ್ದೆ ಚಮಚ ಮಾತ್ರ ಅದ್ದಬೇಡಿ.

ಜೆಲ್ ಬೇಕೇ ಬೇಕು ಅಂದ್ರೆ ಒಂದು ಸಲಕ್ಕಾಗುವಷ್ಟು ಮಾಡಿ. ಜಾಸ್ತಿಯಾದರೆ ಆಗಲೇ ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಡಿ, ಬೇಕಾದಾಗ ಒಂದು ತುಂಡು ತೆಗೆದುಕೊಳ್ಳಬಹುದು. ಎಲೆ ಕತ್ತರಿಸಿದಾಗ ಸೋರುವ ಹಳದಿ ರಸ ಪೂರ್ತಿ ಇಳಿಯಲು ಬಿಡಿ, ಕೆಲವರಿಗೆ ಅದರಿಂದ ತುರಿಕೆ ಬರುತ್ತದೆ.